ಮೂರು ಸಲ ತಟ್ಟಿದ ಮೇಲೆ

ಸತ್ತವರು ಮರಳಿ ಬರುತ್ತಾರೆ ಎನ್ನುವವರ ಮಾತನ್ನು ನಾನು ಎಂದೂ ನಂಬಿದವನಲ್ಲ. ಈಗ ನಂಬುತ್ತೇನೆ ಎಂದು ಹೇಳುವುದಕ್ಕೂ ಇದನ್ನು ಬರೆಯುತ್ತಿಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಒಂದು ಗಲ್ಲಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಎಂಜಿನ್ನು ಕೆಟ್ಟರೆ ಅದಕ್ಕೊಂದು ಕಾರಣ ಇರುತ್ತದೆ, ಕಾರಣ ಕಾಣದಿದ್ದರೆ ನಾನು ಸರಿಯಾಗಿ ನೋಡಿಲ್ಲ ಎಂದರ್ಥ. ನನ್ನ ನಂಬಿಕೆ ಇಷ್ಟೇ ಆಗಿತ್ತು. ಒಮ್ಮೆ ಒಬ್ಬ ಗಿರಾಕಿ, ತೀರಿಹೋದ ತಂದೆಯ ಕಾರು ತಾನಾಗಿಯೇ ಹಾರ್ನ್ ಹೊಡೆಯುತ್ತದೆ ಎಂದು ನಡುಗುತ್ತ ಬಂದಿದ್ದ. ಸ್ಟೀರಿಂಗಿನೊಳಗೆ ಸವೆದುಹೋಗಿದ್ದ ಒಂದು ವೈರನ್ನು ತೋರಿಸಿ, ಟೇಪು ಸುತ್ತಿ ಕಳಿಸಿದ್ದೆ. ಅವನು ಗಲ್ಲಿ ದಾಟಿದ ಮೇಲೆ ನಾನೂ ನನ್ನ ಹೆಂಡತಿಯೂ ನಕ್ಕಿದ್ದೆವು. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅವನು ವೈರು ನೋಡಿ ಸಮಾಧಾನಪಡಲಿಲ್ಲ, ಮುಖ ಸಣ್ಣದು ಮಾಡಿಕೊಂಡು ಹೋದ. ಅದು ಯಾಕೆಂದು ಅವತ್ತು ನನಗೆ ತಿಳಿದಿರಲಿಲ್ಲ.

ನನ್ನ ಕೆಲಸದ ಒಂದು ಪದ್ಧತಿ ಹೇಳಬೇಕು, ಯಾಕೆಂದರೆ ಇದನ್ನೂ ಅದೇ ಪದ್ಧತಿಯಲ್ಲಿ ಬರೆಯಲು ನೋಡುತ್ತೇನೆ. ಗಾಡಿ ಬಂದ ಕೂಡಲೇ ನಾನು ಒಂದು ಚೀಟಿ ಬರೆಯುತ್ತೇನೆ. ಅದರಲ್ಲಿ ಮೂರು ಸಾಲು: ಗಿರಾಕಿ ಹೇಳಿದ್ದು, ನಾನು ಕಂಡದ್ದು, ನಾನು ಊಹಿಸಿದ್ದು. ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ಸಾಲಿನಲ್ಲಿ ಬರೆಯಬಾರದು. ಹಾಗೆ ಬರೆದವನು ಒಳ್ಳೆಯ ಪಾರ್ಟನ್ನು ಬಿಚ್ಚಿ ಎಸೆದು ಕೆಟ್ಟದ್ದನ್ನು ಒಳಗೇ ಉಳಿಸುತ್ತಾನೆ. ಸಂಜೆ ಚೀಟಿಗಳನ್ನು ತಂತಿಗೆ ಚುಚ್ಚಿ ಇಡುತ್ತೇನೆ. ಇಪ್ಪತ್ತೆರಡು ವರ್ಷಗಳಲ್ಲಿ ಚೀಟಿ ಬರೆಯದೆ ಮುಟ್ಟಿದ ಗಾಡಿ ಒಂದೇ, ನನ್ನದೇ ಪಿಕಪ್ಪು.

ನನ್ನ ಹೆಂಡತಿಯ ಹೆಸರು ನೀಲಮ್ಮ. ಇಬ್ಬರೂ ಸಿಂದಗಿ ಕಡೆಯವರು. ಮಧ್ಯಾಹ್ನ ಒಂದು ಗಂಟೆಗೆ ರೊಟ್ಟಿಯ ಡಬ್ಬಿ ತೆಗೆದುಕೊಂಡು ಗ್ಯಾರೇಜಿಗೆ ಬರುತ್ತಿದ್ದಳು. ಮೊದಲ ವರ್ಷಗಳಲ್ಲಿ ಕೆಲಸಕ್ಕೆ ಆಳು ಇಡುವ ಶಕ್ತಿ ನನಗಿರಲಿಲ್ಲ. ಎಂಜಿನ್ನಿನ ಕೆಲವು ದೋಷಗಳು ರೇಸ್ ಕೊಟ್ಟಾಗ ಮಾತ್ರ ಕಾಣುತ್ತವೆ. ಒಬ್ಬರು ಒಳಗೆ ಕೂತು ಎಕ್ಸಲೇಟರ್ ಒತ್ತಬೇಕು, ಇನ್ನೊಬ್ಬರು ಮುಂದೆ ಬಗ್ಗಿ ನೋಡಬೇಕು. ನೀಲಮ್ಮ ಡಬ್ಬಿ ಇಟ್ಟು, ಸೆರಗು ಸಿಕ್ಕಿಸಿಕೊಂಡು, ಡ್ರೈವರ್ ಸೀಟಿಗೆ ಏರುತ್ತಿದ್ದಳು. ಬಾನೆಟ್ಟು ಎತ್ತಿದರೆ ಅದು ಮುಂದಿನ ಗಾಜನ್ನು ಪೂರ್ತಿ ಮುಚ್ಚುತ್ತದೆ. ಅವಳಿಗೆ ನಾನು ಕಾಣುವುದಿಲ್ಲ, ನನಗೆ ಅವಳು ಕಾಣುವುದಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ಅದಕ್ಕೆ ಸ್ಪ್ಯಾನರಿನಿಂದ ಗಾಡಿಯ ಮೈಗೆ ತಟ್ಟುತ್ತಿದ್ದೆ. ಒಂದು ಸಲ ತಟ್ಟಿದರೆ ಸ್ಟಾರ್ಟ್, ಎರಡು ಸಲ ತಟ್ಟಿದರೆ ರೇಸ್, ಮೂರು ಸಲ ತಟ್ಟಿದರೆ ಬಂದ್. ಆಮೇಲೆ ಆಳುಗಳು ಬಂದರು, ಹೋದರು. ಅವಳಷ್ಟು ಹದವಾಗಿ ರೇಸ್ ಕೊಟ್ಟವರು ಯಾರೂ ಇಲ್ಲ. ಒಮ್ಮೆಲೇ ಒತ್ತುತ್ತಿರಲಿಲ್ಲ. ನಿಧಾನವಾಗಿ ಏರಿಸಿ, ಒಂದು ಜಾಗದಲ್ಲಿ ನಿಲ್ಲಿಸಿ, ಅಲ್ಲೇ ಹಿಡಿದಿರುತ್ತಿದ್ದಳು.

ಅವಳಿಗೆ ಒಂದು ಚಾಳಿ ಇತ್ತು. ಮೂರು ಸಲ ತಟ್ಟಿದರೆ ಕೀಲಿ ತಿರುಗಿಸಬೇಕು, ಅಷ್ಟೇ. ಅವಳು ತಿರುಗಿಸುವ ಮುಂಚೆ ಒಂದು ಸಣ್ಣ ರೇಸ್ ಕೊಟ್ಟೇ ಬಂದ್ ಮಾಡುತ್ತಿದ್ದಳು. ಅವಳ ತಂದೆ ಈರುಳ್ಳಿ ಲಾರಿ ಓಡಿಸಿದವರು. ಹಳೆಯ ಲಾರಿ ಡ್ರೈವರುಗಳಿಗೆ ಈ ಅಭ್ಯಾಸ ಇರುತ್ತದೆ. ಈಗಿನ ಗಾಡಿಗಳಿಗೆ ಅದು ಬೇಕಿಲ್ಲ, ಸುಮ್ಮನೆ ಎಣ್ಣೆ ದಂಡ. ನಾನು ಪ್ರತಿ ಸಲ ಬೈಯುತ್ತಿದ್ದೆ, ಅವಳು ಪ್ರತಿ ಸಲ ಹಾಗೇ ಮಾಡುತ್ತಿದ್ದಳು. ಗಾಡಿಗೆ ಒಂದು ಮಾತು ಹೇಳದೆ ಬಂದ್ ಮಾಡಬಾರದು ಎನ್ನುತ್ತಿದ್ದಳು. ನಮ್ಮ ಗ್ಯಾರೇಜಿನ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಖಾಜಾ ಭಾಯಿ ಆ ಸದ್ದು ಕೇಳಿದರೆ ಭಾಭಿ ಇಳಿಯುತ್ತಾರೆ, ಇನ್ನು ಊಟದ ಹೊತ್ತು ಎಂದು ತಾನೂ ಕೈ ತೊಳೆಯಲು ಹೋಗುತ್ತಿದ್ದ.

ಪಿಕಪ್ಪು ನಾನು ಹಳೆಯದು ಕೊಂಡದ್ದು, ಸಿಎನ್‌ಜಿ ಗ್ಯಾಸಿನದು. ಬಿಚ್ಚಿದ ಎಂಜಿನ್ನು, ಗೇರ್ ಬಾಕ್ಸು ಸಾಗಿಸಲು ಬಳಸುತ್ತಿದ್ದೆ. ಅದಕ್ಕೆ ನಾಲ್ಕು ಸಿಲಿಂಡರು. ಪ್ರತಿ ಸಿಲಿಂಡರಿನ ತಲೆಯ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತದೆ. ಬ್ಯಾಟರಿಯ ಸಣ್ಣ ಕರೆಂಟನ್ನು ದೊಡ್ಡದು ಮಾಡಿ ಪ್ಲಗ್ಗಿಗೆ ಕಿಡಿ ಕೊಡುವುದು ಅದರ ಕೆಲಸ. ಕಾಯಿಲ್ ಸೋತರೆ ಕಿಡಿ ಹುಟ್ಟುವುದಿಲ್ಲ, ಆ ಸಿಲಿಂಡರು ತನ್ನ ಸರದಿ ತಪ್ಪಿಸುತ್ತದೆ. ಅದನ್ನು ನಾವು ಮಿಸ್ಸಿಂಗ್ ಎನ್ನುತ್ತೇವೆ. ನೀಲಮ್ಮ ಎಡವುವುದು ಎನ್ನುತ್ತಿದ್ದಳು.

ಒಂದು ದಿನ ಪಿಕಪ್ಪು ಮಿಸ್ಸಿಂಗ್ ತೋರಿಸಿತು. ದೋಷ ಹುಡುಕುವ ಸ್ಕ್ಯಾನರ್ ಹಾಕಿದೆ, ಮೂರನೆಯ ಸಿಲಿಂಡರು ಎಂದು ಬಂತು. ಇಂಥದ್ದಕ್ಕೆ ಸುಲಭದ ಪರೀಕ್ಷೆ ಇದೆ. ಮೂರನೆಯ ಕಾಯಿಲ್ ತೆಗೆದು ಎರಡನೆಯದರ ಜಾಗಕ್ಕೆ, ಎರಡನೆಯದನ್ನು ಮೂರನೆಯದರ ಜಾಗಕ್ಕೆ ಹಾಕುವುದು. ದೋಷ ಕಾಯಿಲ್ ಜೊತೆ ಜಾಗ ಬದಲಿಸಿದರೆ ಕಾಯಿಲ್ ಕೆಟ್ಟಿದೆ ಎಂದರ್ಥ. ಬದಲಿಸಿ ನೋಡಿದೆ. ಎಲ್ಲಿಯೂ ಮಿಸ್ಸಿಂಗ್ ಬರಲಿಲ್ಲ. ವೈರು ಸೇರುವ ಕನೆಕ್ಟರು ಸಡಿಲಾಗಿತ್ತು, ಬಿಚ್ಚಿ ಹಾಕಿದ್ದಕ್ಕೆ ಸರಿಹೋಯಿತು ಎಂದುಕೊಂಡು ಕಾಯಿಲ್‌ಗಳನ್ನು ಅವುಗಳ ಜಾಗಕ್ಕೇ ಸೇರಿಸಿದೆ. ಇದನ್ನು ತಣ್ಣಗಿನ ಎಂಜಿನ್ನಿನಲ್ಲಿ ಮಾಡಿದೆ. ಕಾಯಿಲ್ ಪರೀಕ್ಷೆಯನ್ನು ಎಂಜಿನ್ನು ಬಿಸಿಯಾದ ಮೇಲೆ ಮಾಡಬೇಕು ಎಂದು ಹತ್ತು ಜನರಿಗೆ ನಾನೇ ಕಲಿಸಿದವನು. ಹೊರಗೆ ಎರಡು ಗಾಡಿ ಕಾಯುತ್ತಿದ್ದವು. ಮೆಕ್ಯಾನಿಕ್ಕಿನ ಸ್ವಂತ ಗಾಡಿ ಯಾವಾಗಲೂ ಸರತಿಯ ಕೊನೆಯಲ್ಲಿ ನಿಲ್ಲುತ್ತದೆ, ಅದಕ್ಕೆ ಉಳಿದ ಹೊತ್ತು ಮಾತ್ರ ಸಿಗುತ್ತದೆ. ಚೀಟಿಯೂ ಬರೆಯಲಿಲ್ಲ.

ನೀಲಮ್ಮ ಒಳಗೆ ಕೂತು ರೇಸ್ ಕೊಟ್ಟವಳು ಇಳಿದು ಬಂದು ಹೇಳಿದಳು. "ಇನ್ನಾ ಎಡವಾಕತ್ತೈತ್ರಿ."

ಮಷೀನಿನಲ್ಲಿ ಏನೂ ಇಲ್ಲ ಎಂದು ಸ್ಕ್ಯಾನರಿನ ಪರದೆ ತೋರಿಸಿದೆ.

"ಮಷೀನ್ ಏನ್ ಸೀಟಿನ ಮ್ಯಾಲ ಕುಂತೈತೇನು? ಕುಂತಾಕಿ ನಾನು," ಎಂದಳು. ಖಾಜಾ ಭಾಯಿ ಕೇಳಿ ನಕ್ಕ. ನಾನೂ ನಕ್ಕೆ. ಮತ್ತೆ ಬಾನೆಟ್ಟು ಎತ್ತಲಿಲ್ಲ.

ಅದಾಗಿ ಎಂಟು ದಿನಕ್ಕೆ, ಬೆಳಿಗ್ಗೆ ಚಹಾ ಕುಡಿಯುವಾಗ ಎದೆ ಹಿಡಿದಂತೆ ಆಗುತ್ತಿದೆ ಎಂದು ಅವಳು ಗೋಡೆಗೆ ಒರಗಿದಳು. ಮೈ ಬೆವರಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದೆ, ಬರಲು ಇಪ್ಪತ್ತು ನಿಮಿಷ ಎಂದರು. ಬಾಗಿಲಲ್ಲಿ ನಮ್ಮದೇ ಗಾಡಿ ನಿಂತಿತ್ತು. ಅವಳನ್ನು ಕೂರಿಸಿಕೊಂಡು ಹೊರಟೆ. ಫ್ಲೈಓವರಿನ ಏರು ಹತ್ತುವಾಗ ಗಾಡಿ ಒಮ್ಮೆ ಜಗ್ಗಿತು, ಇನ್ನೊಮ್ಮೆ ಜಗ್ಗಿತು. ನೀಲಮ್ಮ ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟಳು.

"ನೋಡ್ರಿ, ಎಡವಿತು," ಎಂದಳು.

ಗೆದ್ದ ದನಿಯಲ್ಲಿ ಅಲ್ಲ. ಮಗ್ಗುಲಲ್ಲಿ ಕೂತವರಿಗೆ ದಾರಿ ತೋರಿಸುವಂತೆ ಹೇಳಿದಳು. ನಾನು ಉತ್ತರ ಕೊಡಲಿಲ್ಲ. ಮೂರನೆಯ ಸಲ ಜಗ್ಗಿ ಎಂಜಿನ್ನು ಪೂರ್ತಿ ಸತ್ತಿತು. ಎಷ್ಟು ಕೀಲಿ ತಿರುಗಿಸಿದರೂ ಸ್ಟಾರ್ಟರು ತಿರುಗುತ್ತಿತ್ತೇ ಹೊರತು ಎಂಜಿನ್ನು ಹಿಡಿಯಲಿಲ್ಲ. ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಆಟೋ ನಿಲ್ಲಿಸಲು ಕೈ ಬೀಸಿದೆ. ಫ್ಲೈಓವರಿನ ಮೇಲೆ ಯಾರೂ ನಿಲ್ಲಿಸುವುದಿಲ್ಲ. ಕೊನೆಗೆ ಒಬ್ಬ ನಿಲ್ಲಿಸಿದ. ಎಷ್ಟು ಹೊತ್ತು ಹೋಯಿತು ಎಂದು ಆಗ ನೋಡಿಕೊಳ್ಳಲಿಲ್ಲ. ಆಟೋದಲ್ಲಿ ಅವಳು ಮಾತಾಡಲಿಲ್ಲ. ಆಸ್ಪತ್ರೆಯ ಡಾಕ್ಟರು ತೆಲುಗಿನಲ್ಲಿ, ಇನ್ನು ಸ್ವಲ್ಪ ಮುಂಚೆ ತಂದಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ, ಆಗಲೂ ಹೇಳಲಾಗುತ್ತಿರಲಿಲ್ಲ ಎಂದು ಮುಗಿಸಿದರು.

ಮಣ್ಣಿಗೆ ಊರಿನಿಂದ ಬಂದವರಿಗೆಲ್ಲ ಟ್ರಾಫಿಕ್ಕಿನಲ್ಲಿ ತಡವಾಯಿತು ಎಂದೆ. ಹೈದರಾಬಾದಿನಲ್ಲಿ ಆ ಮಾತನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ.

ಖಾಜಾ ಭಾಯಿ ಪಿಕಪ್ಪನ್ನು ಎಳೆಸಿ ತಂದು ಗ್ಯಾರೇಜಿನ ಮೂಲೆಯಲ್ಲಿ ನಿಲ್ಲಿಸಿ ತಾಡಪಾಲು ಹೊದಿಸಿದ. ನಾಲ್ಕು ತಿಂಗಳು ಅದು ಹಾಗೇ ನಿಂತಿತ್ತು. ಗಿರಾಕಿಗಳ ಗಾಡಿ ರಿಪೇರಿ ಮಾಡುತ್ತಿದ್ದೆ, ಆ ಮೂಲೆಗೆ ಬೆನ್ನು ತಿರುಗಿಸಿ.

ನೀಲಮ್ಮನ ತಮ್ಮ ಬಸವರಾಜ, ನಮ್ಮ ಬಸು, ಊರಿನಲ್ಲಿ ಕಾಯಿಪಲ್ಲೆ ವ್ಯಾಪಾರ ಮಾಡುತ್ತಾನೆ. ಅವನಿಗೆ ಗಾಡಿ ಬೇಕಾಗಿತ್ತು. ನನ್ನ ಕಣ್ಣ ಮುಂದೆ ಇರುವುದು ಬೇಡ, ಬಂದು ಒಯ್ಯಿ ಎಂದೆ. ಒಂದು ಶುಕ್ರವಾರ ರೈಲಿಗೆ ಬರುತ್ತೇನೆ, ಮಧ್ಯಾಹ್ನ ಎರಡರ ಸುಮಾರಿಗೆ ಗ್ಯಾರೇಜಿನಲ್ಲಿ ಇರುತ್ತೇನೆ ಎಂದ. ಆ ಗಾಡಿಯಲ್ಲಿ ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಕೂರುವವರು. ಬಾನೆಟ್ಟು ಎತ್ತದೆ ಕೊಡುವಂತಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ತಾಡಪಾಲು ತೆಗೆದೆ. ಫ್ಯೂಸು ನೋಡಿದೆ. ನಾಲ್ಕೂ ಕಾಯಿಲ್‌ಗೆ ಕರೆಂಟು ಹೋಗುವುದು ಒಂದೇ ಫ್ಯೂಸಿನ ಮೂಲಕ. ಅದು ಸುಟ್ಟಿತ್ತು. ಎಂಜಿನ್ನು ಸತ್ತದ್ದು ಅದಕ್ಕೇ. ಆದರೆ ಫ್ಯೂಸು ಸುಡುವುದಕ್ಕೆ ಎರಡು ಕಾರಣ ಇರಬಹುದು. ಎಲ್ಲೋ ಒಂದು ವೈರು ಸವೆದು ಲೋಹಕ್ಕೆ ತಾಗಿರಬಹುದು. ಹಾಗಾಗಿದ್ದರೆ ಅದು ಯಾರಿಗೂ ಮುಂಚೆ ಗೊತ್ತಾಗುವಂಥದ್ದಲ್ಲ. ಅಥವಾ ಕಾಯಿಲ್ ಒಂದು ಒಳಗೇ ಸೀಳಿ ಶಾರ್ಟ್ ಆಗಿರಬಹುದು. ಹಾಗಾಗಿದ್ದರೆ ಅದನ್ನು ಎಂಟು ದಿನ ಮುಂಚೆ ಒಬ್ಬಳು ನನಗೆ ಹೇಳಿದ್ದಳು, ನಾನು ಪರದೆ ತೋರಿಸಿ ನಕ್ಕಿದ್ದೆ. ಇಷ್ಟನ್ನು ತಿಳಿಯಲು ನಾಲ್ಕು ತಿಂಗಳು ಹೆದರಿದ್ದೆ. ವೈರೇ ಆಗಿರಲಿ ಎಂದು ಬಯಸಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ವೈರುಗಳನ್ನು ಗೇಣು ಗೇಣಾಗಿ ಬೆರಳಾಡಿಸಿ ನೋಡಿದೆ. ಎಲ್ಲಿಯೂ ಸವೆದಿರಲಿಲ್ಲ. ಬೇರೆ ಬ್ಯಾಟರಿ, ಹೊಸ ಫ್ಯೂಸು ಹಾಕಿದೆ. ಬಾಗಿಲು ತೆರೆದು ಹೊರಗೆ ನಿಂತೇ ಕೈ ಹಾಕಿ ಕೀಲಿ ತಿರುಗಿಸಿದೆ. ಒಳಗೆ ಕೂರುವ ಮನಸ್ಸಾಗಲಿಲ್ಲ. ಎಂಜಿನ್ನು ಹಿಡಿಯಿತು. ಸ್ಕ್ಯಾನರನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ, ಓಡುವಾಗಿನ ಅಂಕಿಗಳನ್ನು ಅದು ಬರೆದುಕೊಳ್ಳುವಂತೆ ಇಟ್ಟು, ಬಾಗಿಲು ಹಾಕಿ ಮುಂದೆ ಬಂದೆ. ನಿಂತಲ್ಲೇ ಓಡುತ್ತಿದ್ದ ಎಂಜಿನ್ನಿನಲ್ಲಿ ಒಂದು ತಪ್ಪೂ ಕೇಳಲಿಲ್ಲ. ಬಿಸಿಯಾಗಲೆಂದು ಅರ್ಧ ಗಂಟೆ ಬಿಟ್ಟೆ. ಆಗಲೂ ಇಲ್ಲ. ಕಾಯಿಲ್ ಸೋಲುವುದು ಭಾರ ಬಿದ್ದಾಗ. ರೇಸ್ ಕೊಟ್ಟು ಹಿಡಿದಿರಬೇಕು. ಹಳೆಯ ಗಾಡಿಗಳಲ್ಲಿ ಎಕ್ಸಲೇಟರಿನ ಕೇಬಲ್ಲನ್ನು ಎಂಜಿನ್ನಿನ ಹತ್ತಿರವೇ ಬೆರಳಿನಿಂದ ಎಳೆಯಬಹುದು. ಇದರಲ್ಲಿ ಕೇಬಲ್ಲು ಇಲ್ಲ, ಪೆಡಲಿನಿಂದ ಎಂಜಿನ್ನಿಗೆ ಬರುವುದು ವೈರಿನ ಮೂಲಕ ಕರೆಂಟಿನ ಸುದ್ದಿ ಮಾತ್ರ. ಒಳಗೆ ಒಬ್ಬರು ಕೂರಲೇಬೇಕು.

ಶುಕ್ರವಾರ ನಮಾಜಿನ ಹೊತ್ತಿಗೆ ನಮ್ಮ ಗಲ್ಲಿ ಖಾಲಿಯಾಗುತ್ತದೆ. ಖಾಜಾ ಭಾಯಿ ಶಟರು ಅರ್ಧ ಇಳಿಸಿ ಹೋಗಿದ್ದ. ನನ್ನ ಕೆಲಸದವನಿಗೆ ರಜೆ ಕೊಟ್ಟಿದ್ದೆ. ನಾನು ಬಗ್ಗಿ ಕಾಯಿಲ್‌ಗಳ ಮೇಲಿನ ಪ್ಲಾಸ್ಟಿಕ್ಕಿನ ಹೊದಿಕೆ ತೆಗೆಯುತ್ತಿದ್ದೆ. ಮೊಣಕೈ ಗಾಡಿಯ ಮೈಗೆ ಊರಿತ್ತು. ಆಗ ಗಾಡಿ ಸ್ವಲ್ಪ ಒಂದು ಬದಿಗೆ ಇಳಿದಂತಾಯಿತು, ಯಾರೋ ಸೀಟಿಗೆ ಏರಿದರೆ ಆಗುವಷ್ಟು. ಬಸು ಬಂದ ಎಂದುಕೊಂಡೆ. ಬಾಗಿಲಿನ ಸದ್ದೂ ಕೇಳಿತು ಎಂದು ಆಮೇಲೆ ಅನ್ನಿಸಿದ್ದುಂಟು, ಆದರೆ ಅದನ್ನು ನಾನು ಕಂಡದ್ದರ ಸಾಲಿನಲ್ಲಿ ಬರೆಯಲಾರೆ. ಓಡುವ ಎಂಜಿನ್ನಿಗೆ ಗಾಡಿ ಅಲುಗುತ್ತಲೇ ಇರುತ್ತದೆ ಎಂಬುದೂ ನಿಜ.

ತಲೆ ಎತ್ತದೆ ಸ್ಪ್ಯಾನರಿನಿಂದ ಎರಡು ಸಲ ತಟ್ಟಿದೆ.

ಎಂಜಿನ್ನು ಏರಿತು. ನಿಧಾನವಾಗಿ ಏರಿ, ಒಂದು ಜಾಗದಲ್ಲಿ ನಿಂತು, ಅಲ್ಲೇ ಉಳಿಯಿತು. ನನಗೆ ಆ ಕ್ಷಣ ಏನೂ ಅನ್ನಿಸಲಿಲ್ಲ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಆದರೆ ಕೆಲಸದಲ್ಲಿ ಬಗ್ಗಿದವನಿಗೆ ಕಿವಿ, ಕೈ ಎರಡೇ ಇರುತ್ತವೆ. ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ ತೆಗೆದುಕೊಂಡು ಮೊದಲನೆಯ ಕಾಯಿಲ್ ಮೇಲೆ ಹನಿಸಿದೆ. ಸೀಳು ಇದ್ದರೆ ಕಿಡಿ ಆ ನೀರಿನ ದಾರಿ ಹಿಡಿದು ಹೊರಗೆ ಓಡುತ್ತದೆ, ಎಂಜಿನ್ನು ತಪ್ಪುತ್ತದೆ. ಮೊದಲನೆಯದು ತಪ್ಪಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದಕ್ಕೆ ಹನಿಸಿದೆ. ಎಂಜಿನ್ನು ಎಡವಿತು. ಆ ಪದವೇ ನನ್ನ ತಲೆಗೆ ಬಂತು. ಇನ್ನೊಮ್ಮೆ ಹನಿಸಿದೆ, ಇನ್ನೊಮ್ಮೆ ಎಡವಿತು. ಕಾಯಿಲ್ಲಿನ ಬುಡದಲ್ಲಿ ನೀಲಿ ಎಳೆಯೊಂದು ಹೊಳೆದು ಹೋದದ್ದನ್ನು ಕಣ್ಣಾರೆ ಕಂಡೆ. ಖಚಿತ ಮಾಡಿಕೊಳ್ಳಲು ಅದರ ಕನೆಕ್ಟರು ಎಳೆದೆ. ಒಳ್ಳೆಯ ಕಾಯಿಲ್ಲಿನ ಕನೆಕ್ಟರು ತೆಗೆದರೆ ಎಂಜಿನ್ನಿನ ದನಿ ಕುಗ್ಗಬೇಕು. ಕುಗ್ಗಲಿಲ್ಲ. ಆ ಸಿಲಿಂಡರು ಆಗಲೇ ಸತ್ತಿತ್ತು.

ವೈರಲ್ಲ, ಕಾಯಿಲ್. ಅವಳು ಹೇಳಿದ್ದೇ.

ಎಷ್ಟು ಹೊತ್ತು ಹಾಗೇ ಬಗ್ಗಿ ನಿಂತಿದ್ದೆನೋ ಗೊತ್ತಿಲ್ಲ. ಅಷ್ಟು ಹೊತ್ತೂ ರೇಸು ಅಲುಗದೆ ಒಂದೇ ಮಟ್ಟದಲ್ಲಿ ನಿಂತಿತ್ತು. ಇನ್ನು ಸಾಕು ಎಂದು ಮೂರು ಸಲ ತಟ್ಟಿದೆ.

ರೇಸು ಇಳಿಯಿತು. ಇಳಿದು, ಒಂದು ಸಣ್ಣ ರೇಸ್ ಬಂತು. ಆಮೇಲೆ ಎಂಜಿನ್ನು ಬಂದ್ ಆಯಿತು.

"ಬಂದ್ ಮಾಡೋವಾಗ ರೇಸ್ ಕೊಡಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕ ನಿನಗ?"

ಇದನ್ನು ಹೇಳಿದ್ದು ನಾನು. ಬಾನೆಟ್ಟಿನ ಈಚೆಯಿಂದ, ಸಿಡುಕಿನಿಂದ, ಹದಿನೇಳು ವರ್ಷ ಹೇಳಿದ ಹಾಗೆಯೇ. ಹೇಳಿ, ಕೈ ತನ್ನ ಪಾಡಿಗೆ ಕಾಯಿಲ್ಲಿನ ಬೋಲ್ಟು ಬಿಚ್ಚಿ ಮೇಲಕ್ಕೆಳೆಯಿತು. ರಬ್ಬರಿನ ಮೇಲೆ ಕೂದಲೆಳೆಯಂಥ ಸೀಳು, ಅದರ ಗುಂಟ ಸುಟ್ಟ ಕಪ್ಪು ಗೆರೆ. ಅದನ್ನು ನೋಡುತ್ತಿರುವಾಗ ನಾನು ಆಡಿದ ಮಾತು ನನಗೇ ಕೇಳಿಸಿತು. ಬಸು ಎಂದೂ ಹಾಗೆ ಬಂದ್ ಮಾಡಿದವನಲ್ಲ. ಆ ಮಾತನ್ನು ನಾನು ಅವನಿಗೆ ಒಂದು ಸಲವೂ ಹೇಳಿದವನಲ್ಲ.

ಕಾಯಿಲ್ ಕೈಯಲ್ಲಿ ಹಿಡಿದೇ ಬಾನೆಟ್ಟಿನ ಬದಿಗೆ ಬಂದೆ. ಬಾಗಿಲು ಹಾಕಿತ್ತು. ಒಳಗೆ ಯಾರೂ ಇರಲಿಲ್ಲ. ಇಂಥ ಕತೆ ಹೇಳುವವರು ಸೀಟು ಮುಂದಕ್ಕೆ ಸರಿದಿತ್ತು, ಹೂವಿನ ವಾಸನೆ ಇತ್ತು ಎಂದೆಲ್ಲ ಹೇಳುತ್ತಾರೆ. ಸೀಟು ಇದ್ದಲ್ಲೇ ಇತ್ತು. ನಾಲ್ಕು ತಿಂಗಳು ಮುಚ್ಚಿಟ್ಟ ಗಾಡಿಯ ಮುಗ್ಗಲು ವಾಸನೆ ಬಿಟ್ಟು ಬೇರೆ ವಾಸನೆ ಇರಲಿಲ್ಲ. ಕೀಲಿ ಬಂದ್ ಮಾಡಿದ ಸ್ಥಾನದಲ್ಲಿತ್ತು. ಬಾಗಿಲು ತೆರೆದು ಒಳಗೆ ಕೈ ಚಾಚಿದ್ದು ನೆನಪಿದೆ. ಕೀಲಿಯನ್ನು ನೋಡಿದ ಮೇಲೆ ಮುಟ್ಟಿದೆನೋ, ಮುಟ್ಟಿದ ಮೇಲೆ ನೋಡಿದೆನೋ, ಆಣೆ ಮಾಡಿ ಹೇಳಲಾರೆ. ಗ್ಯಾರೇಜಿಗೆ ಹಿಂದಿನ ಬಾಗಿಲು ಇಲ್ಲ. ಗಲ್ಲಿಗೆ ಓಡಿ ಬಂದು ಎರಡೂ ಕಡೆ ನೋಡಿದೆ. ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಖಾಜಾ ಭಾಯಿ ಟೋಪಿ ಮಡಚುತ್ತ ಗಲ್ಲಿಯ ತಿರುವಿನಿಂದ ಬಂದ. ಗಾಡಿ ಬಂದ್ ಆಗುವಾಗಿನ ಸದ್ದು ತಿರುವಿನಾಚೆ ಅವನಿಗೂ ಕೇಳಿತ್ತು. "ಮೈ ಸಮ್ಜಾ ಭಾಭೀ..." ನಾನು ಅಂದುಕೊಂಡೆ ಭಾಭಿ, ಎಂದವನು ಅಷ್ಟಕ್ಕೇ ನಿಲ್ಲಿಸಿದ. ನನ್ನ ಮುಖ ನೋಡಿ ನೀರು ತಂದುಕೊಟ್ಟ. ಮುಂದಿನ ಮಾತನ್ನು ನಾನು ಕೇಳಲಿಲ್ಲ. ಅವನು ಇವತ್ತಿಗೂ ಹೇಳಿಲ್ಲ.

ಬಸು ಬಂದಾಗ ನಾಲ್ಕು ಗಂಟೆ ದಾಟಿತ್ತು. ರೈಲು ತಾಂಡೂರಿನಲ್ಲಿ ಬಹಳ ಹೊತ್ತು ನಿಂತಿತಂತೆ. ಚೀಲ ಇಳಿಸುವ ಮೊದಲೇ ಅವನ ಕೈಗೆ ಕಾಯಿಲ್ ಕೊಟ್ಟೆ. ರೇಸಿನ ಸಂಗತಿ ಹೇಳಲಿಲ್ಲ. ಟ್ರಾಫಿಕ್ಕು ಅಂದದ್ದು ಸುಳ್ಳು, ಗಾಡಿ ಏರಿನಲ್ಲಿ ನಿಂತಿತು, ನಿಂತದ್ದು ಇದರಿಂದ, ಇದನ್ನು ನಿಮ್ಮಕ್ಕ ಎಂಟು ದಿನ ಮುಂಚೆ ಹೇಳಿದ್ದಳು, ನಾನು ಕೇಳಲಿಲ್ಲ ಎಂದು ಹೇಳಿದೆ. ಹೊಡೆದರೆ ಹೊಡೆಸಿಕೊಳ್ಳುವುದೇ ಎಂದು ನಿಂತಿದ್ದೆ. ಅವನು ಆ ಸೀಳಿನ ಮೇಲೆ ಉಗುರು ಆಡಿಸುತ್ತ ಟೈರಿನ ಮೇಲೆ ಕೂತ.

"ನನಗೂ ಹೇಳಿದ್ಲು ಮಾಮಾ," ಎಂದ. "ಫೋನಿನ್ಯಾಗ. ಗಾಡಿ ಎಡವಾಕತ್ತೈತಿ, ನಿಮ್ಮ ಮಾಮಾ ಮಷೀನ್ ನಂಬತಾನ, ನನ್ನ ನಂಬಂಗಿಲ್ಲ ಅಂದ್ಲು. ನೀ ಯಾವಾಗ ಮೇಸ್ತ್ರಿ ಆದಿ ಅಕ್ಕಾ ಅಂದೆ."

ಕಾಯಿಲ್ಲನ್ನು ನನ್ನ ಕೈಗೆ ವಾಪಸು ಕೊಟ್ಟು, "ನಾನೂ ನಕ್ಕಿದ್ದೆ," ಎಂದ.

ಹೊಸ ಕಾಯಿಲ್ ಹಾಕಿ, ಗಾಡಿಯನ್ನು ಬಿಸಿ ಮಾಡಿ, ಅದೇ ಫ್ಲೈಓವರನ್ನು ಮೂರು ಸಲ ಹತ್ತಿಸಿ ಇಳಿಸಿ ನೋಡಿದೆ. ಬಸು ಪಕ್ಕದಲ್ಲಿ ಕೂತಿದ್ದ. ಎಡವಲಿಲ್ಲ. ಮರುದಿನ ಬೆಳಿಗ್ಗೆ ಅವನು ಗಾಡಿ ತೆಗೆದುಕೊಂಡು ಹೋದ.

ಇನ್ನು ಸ್ಕ್ಯಾನರಿನ ಮಾತು. ಅದು ಬರೆದುಕೊಂಡದ್ದು ಈಗಲೂ ನನ್ನ ಹತ್ತಿರ ಇದೆ. ಎಂಜಿನ್ನಿನ ವೇಗದ ಗೆರೆಯ ಕೆಳಗೆ ಪೆಡಲಿನ ಗೆರೆ ಬೇರೆ ಇರುತ್ತದೆ. ಪೆಡಲನ್ನು ಎಷ್ಟು ಒತ್ತಿದರು ಎಂಬುದನ್ನು ಅದು ಹೇಳುತ್ತದೆ. ಅವತ್ತಿನ ಆ ಗೆರೆ ಇಳಿಜಾರಿನಂತೆ ನಿಧಾನವಾಗಿ ಏರಿದೆ, ಮಟ್ಟಸವಾಗಿ ನಿಂತಿದೆ, ಇಳಿದಿದೆ. ಮುಗಿಯುವ ಮುಂಚೆ ಒಂದು ಸಣ್ಣ ಉಬ್ಬು ಇದೆ. ಮೆಹದಿಪಟ್ಟಣದಲ್ಲಿ ಇಂಥ ಎಲೆಕ್ಟ್ರಾನಿಕ್ ಕೆಲಸವನ್ನೇ ಮಾಡುವ ಒಬ್ಬ ಸ್ನೇಹಿತನಿಗೆ, ಯಾರ ಗಾಡಿ ಎಂದು ಹೇಳದೆ, ಅದನ್ನು ತೋರಿಸಿದೆ. ನೀರು ಸಿಂಪಡಿಸುವಾಗ ಕನೆಕ್ಟರಿನೊಳಗೆ ಹೋಗಿದ್ದರೆ ಪೆಡಲಿನ ಸುದ್ದಿ ತಪ್ಪಾಗಿ ಬರಬಹುದು ಎಂದ. ಆಗಬಹುದು. ಆದರೆ ಎಂಜಿನ್ನು ಏರಿದ್ದು ನೀರು ಹಾಕುವ ಮುಂಚೆ. ಹಾಗಾದರೆ ನಾಲ್ಕು ತಿಂಗಳ ತೇವ ಎಂದ. ಅದೂ ಆಗಬಹುದು. ಆ ಪೆಡಲು ಬಸುವಿನ ಗಾಡಿಯಲ್ಲಿ ಇವತ್ತಿಗೂ ಇದೆ, ಒಮ್ಮೆಯೂ ಹಾಗೆ ಮಾಡಿಲ್ಲ. ತೇವ ತಾನಾಗಿ ಬಂತು, ತಾನಾಗಿ ಹೋಯಿತು, ನಾನು ಎರಡು ಸಲ ತಟ್ಟಿದಾಗ ಏರಿತು, ಮೂರು ಸಲ ತಟ್ಟಿದಾಗ ಇಳಿಯಿತು ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳಲು ಪ್ರಯತ್ನಪಟ್ಟಿದ್ದೇನೆ. ಆ ದಿನಗಳಲ್ಲಿ ನನ್ನ ತಲೆ ಸರಿಯಾಗಿರಲಿಲ್ಲ, ನಾನೇ ಒಳಗೆ ಹೋಗಿ ಪೆಡಲು ಒತ್ತಿ ಮರೆತಿದ್ದೇನೆ ಎಂದೂ ಯೋಚಿಸಿದ್ದೇನೆ. ಆದರೆ ನೀರಿನ ಬಾಟಲಿ ಹಿಡಿದವನಿಗೆ ಪೆಡಲಿಗೆ ಕಾಲು ಎಟಕುವುದಿಲ್ಲ.

ಇದೆಲ್ಲ ನಡೆದು ನಾಲ್ಕು ವರ್ಷವಾಯಿತು. ಆ ಶುಕ್ರವಾರ ಸಂಜೆ, ಬಸು ಚಹಾ ಕುಡಿಯಲು ಹೋದಾಗ, ಆ ಗಾಡಿಗೆ ಒಂದು ಚೀಟಿ ಬರೆದೆ. ಗಿರಾಕಿ ಹೇಳಿದ್ದು: ಇನ್ನಾ ಎಡವಾಕತ್ತೈತಿ. ಕಂಡದ್ದು: ಮೂರನೆಯ ಕಾಯಿಲ್, ಬುಡದಲ್ಲಿ ಸೀಳು. ಊಹಿಸಿದ್ದು ಎಂಬ ಸಾಲು ಖಾಲಿ ಬಿಟ್ಟೆ. ಅದು ಖಾಲಿಯೇ ಇದೆ.

ಅದು ಖಾಲಿ ಇರುವುದು ನನ್ನನ್ನು ಅಷ್ಟು ಕಾಡುವುದಿಲ್ಲ. ಒಳಗೆ ಯಾರೂ ಇರಲಿಲ್ಲ ಎಂದಾದರೆ ನಾನು ಆಡಿದ ಮಾತು ಖಾಲಿ ಗಾಡಿಗೆ ಆಡಿದ್ದು, ಅಲ್ಲಿಗೆ ಮುಗಿಯಿತು. ಒಬ್ಬಳು ಇದ್ದಳು ಎಂದಾದರೆ, ಅವಳು ಕೂತದ್ದು ನನ್ನಿಂದ ಆರೇಳು ಅಡಿ ದೂರದಲ್ಲಿ. ಫ್ಲೈಓವರಿನ ಮೇಲೆ ಅವಳು ಹೇಳಿದ ಮಾತಿಗೆ ನಾನು ಕೊಡದೆ ಉಳಿಸಿಕೊಂಡ ಉತ್ತರ ಆಗ ನನಗೆ ಗೊತ್ತಿತ್ತು. ಮೂರನೆಯ ಕಾಯಿಲ್ ನನ್ನ ಕಣ್ಣೆದುರು ಎಡವಿ ತೋರಿಸಿತ್ತು. ನೀ ಹೇಳಿದ್ದ ಖರೆ ಇತ್ತು, ಇಷ್ಟು ಅಂದಿದ್ದರೆ ಸಾಕಿತ್ತು. ಅವಳು ರೇಸ್ ಕೊಟ್ಟದ್ದಕ್ಕೆ ನಾನು ಬೈದೆ.